ಒಂದಂಗುಲದ ಗುದ್ದು, ಹತ್ತು ವರ್ಷದ ಪಾಠ

ಬ್ರೂಸ್ ಲೀ ಎಂದೊಡನೆ ಹುಡುಗರ ಕಣ್ಣಿಗೆ ಕಟ್ಟುವುದು ಬರಿಮೈಯಲ್ಲಿ ಮುಷ್ಟಿ ಬಿಗಿಹಿಡಿದು, ಹೆಬ್ಬೆರಳಿನಿಂದ ಮೂಗು ಸವರಿಕೊಳ್ಳುತ್ತ ನಿಂತ ಜಗಜಟ್ಟಿಯ ಚಿತ್ರ. ಒಂದು ಕಾಲಕ್ಕೆ ನಮ್ಮ ಊರುಗಳ ಕ್ಷೌರದ ಅಂಗಡಿಯ ಗೋಡೆಗಳ ಮೇಲೂ ಈ ಚಿತ್ರ ರಾರಾಜಿಸುತ್ತಿತ್ತು. ಅವನ ಸಿನಿಮಾ ನೋಡಿ ಬಂದ ಮಕ್ಕಳು ಮನೆಯ ದಿಂಬುಗಳಿಗೆ ಒದೆಯುವುದು, ತಾಯಂದಿರು ಬಯ್ಯುವುದು ಊರೂರಿನ ಕಥೆ. ಆದರೆ ಬೆಳ್ಳಿತೆರೆಯ ಆ ಜಟ್ಟಿಯ ಹಿಂದೆ ಒಬ್ಬ ವಿದ್ಯಾರ್ಥಿ ಇದ್ದ ಎಂಬುದನ್ನು ಗಮನಿಸಿದವರು ಕಡಿಮೆ. ಹದಿಮೂರರ ಹರೆಯದಲ್ಲಿ ಗುರುಗಳ ಮುಂದೆ ಹೋಗಿ ನಿಂತ ಆ ಹುಡುಗ ಮೂವತ್ತೆರಡರಲ್ಲಿ ಕಣ್ಣು ಮುಚ್ಚುವವರೆಗೂ ಕಲಿಯುವುದನ್ನು ಬಿಡಲಿಲ್ಲ. ಪರೀಕ್ಷೆ, ಅಂಕ, ಪ್ರಮಾಣಪತ್ರಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳು, ಅವರ ಅಪ್ಪ ಅಮ್ಮಂದಿರು ತಿಳಿಯಬೇಕಾದದ್ದು ಈ ವಿದ್ಯಾರ್ಥಿಯ ಕಥೆಯನ್ನು.

ಮೊದಲು 'ಕುಂಗ್ ಫೂ' ಎಂಬ ಪದವನ್ನೇ ನೋಡೋಣ. ಈ ಚೀನೀ ಪದಕ್ಕೆ ಮೂಲದಲ್ಲಿ ಹೊಡೆದಾಟ ಎಂಬ ಅರ್ಥವಿಲ್ಲ. ಕಾಲ ಮತ್ತು ಶ್ರಮ ಎರಡನ್ನೂ ಸುರಿದು ಗಳಿಸಿದ ಪರಿಣತಿಗೆ ಆ ಹೆಸರು. ಚೆನ್ನಾಗಿ ಅಡಿಗೆ ಮಾಡುವವನಲ್ಲೂ, ಕುಂಚ ಹಿಡಿದು ಅಂದವಾಗಿ ಅಕ್ಷರ ಬರೆಯುವವನಲ್ಲೂ ಕುಂಗ್ ಫೂ ಇದೆ ಎಂದು ಚೀನೀಯರು ಹೇಳಬಲ್ಲರು. ನಮ್ಮ ಸಂಗೀತಗಾರರ ಬಾಯಲ್ಲಿ ಬರುವ 'ಸಾಧಕ' ಎಂಬ ಮಾತಿಗೆ ಇದು ಹತ್ತಿರ. ಹಾಡುತ್ತ ಹಾಡುತ್ತ ರಾಗ ಎನ್ನುತ್ತಾರಲ್ಲ, ಹಾಗೆ.

ಬ್ರೂಸ್ ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಂದೆ ಲೀ ಹೊಯ್ ಚುಯೆನ್ ಹಾಂಗ್‌ಕಾಂಗಿನ ಹೆಸರಾಂತ ಸಂಗೀತ ನಾಟಕ ಕಲಾವಿದರು. ಅವರ ತಂಡ ಅಮೆರಿಕ ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗು ಇದು. ಕೆಲವೇ ತಿಂಗಳಲ್ಲಿ ಕುಟುಂಬ ಹಾಂಗ್‌ಕಾಂಗಿಗೆ ಮರಳಿತು. ಅದೇ ವರ್ಷ, 1941ರ ಡಿಸೆಂಬರಿನಲ್ಲಿ, ಜಪಾನಿನ ಸೈನ್ಯ ಹಾಂಗ್‌ಕಾಂಗನ್ನು ಆಕ್ರಮಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಹುಡುಗನಿಗೆ ನಾಲ್ಕು ದಾಟಿತ್ತು. ಆತನಿಗೆ ಹತ್ತಿರದ ದೃಷ್ಟಿ ಮಾತ್ರ ಸರಿಯಿತ್ತು, ದೂರದ್ದು ಮಸುಕು. ಚಿಕ್ಕಂದಿನಲ್ಲೇ ಕನ್ನಡಕ ಬಂತು. ಮನೆಯವರು ಅವನಿಗೆ ಇಟ್ಟ ಅಡ್ಡಹೆಸರಿನ ಅರ್ಥ 'ಒಂದು ಗಳಿಗೆ ಸುಮ್ಮನೆ ಕೂರದವನು' ಎಂದು. ಸಿನಿಮಾಗಳಲ್ಲಿ ಬಾಲನಟನಾಗಿ ಹೆಸರು ಮಾಡಿದ. ಶಾಲೆಯಲ್ಲಿ ಮಾತ್ರ ಪಾಠಕ್ಕಿಂತ ಜಗಳವೇ ಹೆಚ್ಚು. ಕೊನೆಗೆ ಒಂದು ಶಾಲೆಯಿಂದ ಹೊರಹಾಕಿಸಿಕೊಂಡು ಇನ್ನೊಂದಕ್ಕೆ ಸೇರಬೇಕಾಯಿತು.

ಐವತ್ತರ ದಶಕದ ಹಾಂಗ್‌ಕಾಂಗ್ ಇಂದಿನ ಹಾಂಗ್‌ಕಾಂಗ್ ಅಲ್ಲ. ಚೀನಾದ ಅಂತರ್ಯುದ್ಧದಿಂದ ಓಡಿಬಂದ ನಿರಾಶ್ರಿತರಿಂದ ಊರು ತುಂಬಿತ್ತು. ಬೀದಿ ಬೀದಿಗೆ ಹುಡುಗರ ಗುಂಪುಗಳು, ಗುಂಪು ಗುಂಪಿಗೆ ಹೊಡೆದಾಟ. ಏಟು ತಿಂದು ಬಂದವನಿಗೆ ಏಟು ಕೊಡುವುದನ್ನು ಕಲಿಯಬೇಕೆನಿಸಿತು. ಹೀಗೆ ಆತ ಹೋಗಿ ಸೇರಿದ್ದು ಇಪ್ ಮ್ಯಾನ್ ಎಂಬ ಗುರುಗಳ ಬಳಿ. ಸೇರುವಾಗ ಅವನ ಮನಸ್ಸಿನಲ್ಲಿ ಯಾವ ಉನ್ನತ ಆದರ್ಶವೂ ಇರಲಿಲ್ಲ. ಬೀದಿಯಲ್ಲಿ ಗೆಲ್ಲಬೇಕು, ಅಷ್ಟೇ.

ಇಪ್ ಮ್ಯಾನ್ 1893ರಲ್ಲಿ ಚೀನಾದ ಫೋಷಾನ್ ಪಟ್ಟಣದಲ್ಲಿ ಹುಟ್ಟಿದವರು. ಸ್ಥಿತಿವಂತ ಮನೆತನದವರಾಗಿದ್ದು, ಕಾಲಚಕ್ರ ತಿರುಗಿ ಎಲ್ಲವನ್ನೂ ಬಿಟ್ಟು ಹಾಂಗ್‌ಕಾಂಗಿಗೆ ಬಂದು, ಐವತ್ತು ದಾಟಿದ ಮೇಲೆ ಹೊಟ್ಟೆಪಾಡಿಗಾಗಿ ಹೋಟೆಲ್ ಕಾರ್ಮಿಕರ ಸಂಘದಲ್ಲಿ ವಿದ್ಯೆ ಹೇಳಿಕೊಡಲು ಆರಂಭಿಸಿದರು. ಅವರು ಕಲಿಸುತ್ತಿದ್ದುದು 'ವಿಂಗ್ ಚುನ್' ಎಂಬ ಕುಂಗ್ ಫೂ ಪದ್ಧತಿ. ಇದನ್ನು ಹುಟ್ಟುಹಾಕಿದವಳು ಒಬ್ಬ ಬೌದ್ಧ ಸನ್ಯಾಸಿನಿ, ಹೆಸರು ಬಂದದ್ದು ಅವಳ ಶಿಷ್ಯೆಯಿಂದ ಎಂದು ಐತಿಹ್ಯ ಹೇಳುತ್ತದೆ. ಐತಿಹ್ಯದ ಮಾತು ಏನೇ ಇರಲಿ, ತೋಳ್ಬಲ ಕಡಿಮೆ ಇರುವವರೂ ಬಲಿಷ್ಠರನ್ನು ಎದುರಿಸುವಂತೆ ಅದನ್ನು ರೂಪಿಸಲಾಗಿದೆ. ದೂರದಿಂದ ಹಾರಿ ಒದೆಯುವುದು ಇಲ್ಲಿಲ್ಲ. ಎದುರಾಳಿಯ ಹತ್ತಿರವೇ ನಿಂತು, ಎದೆಯ ನಡುಗೆರೆಯಿಂದ ನೇರವಾಗಿ ಗುದ್ದುವುದು. ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಸರಳರೇಖೆ ಎಂದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ವಿಂಗ್ ಚುನ್ ನಿಂತಿರುವುದು ಈ ರೇಖಾಗಣಿತದ ಮೇಲೆಯೇ. ದೂರದ್ದು ಮಸುಕಾಗಿ ಕಾಣುವ ಹುಡುಗನಿಗೆ ಹತ್ತಿರದಿಂದ ಆಡುವ ಈ ವಿದ್ಯೆ ಹೊಂದಿಕೊಂಡದ್ದು ಸಹಜ.

ಆದರೆ ಮೊದಲ ಪಾಠದಲ್ಲೇ ಎಂಥ ಹುಡುಗನ ಉತ್ಸಾಹವೂ ತಣ್ಣಗಾಗಬೇಕು. ವಿಂಗ್ ಚುನ್‌ನ ಮೊದಲ ಪಾಠದ ಹೆಸರು 'ಸಿಯು ನಿಮ್ ತಾವೊ', ಸುಮಾರಾಗಿ 'ಪುಟ್ಟ ಆಲೋಚನೆ' ಎಂದರ್ಥ. ಕಾಲುಗಳನ್ನು ಒಂದು ಭಂಗಿಯಲ್ಲಿ ಊರಿದರೆ ಮುಗಿಯಿತು, ಮತ್ತೆ ಒಂದು ಹೆಜ್ಜೆಯೂ ಅತ್ತಿತ್ತ ಇಡುವಂತಿಲ್ಲ. ಕೈಗಳನ್ನು ಮಾತ್ರ ನಿಧಾನವಾಗಿ ಮುಂದೆ ತರಬೇಕು, ಹಿಂದೆ ಒಯ್ಯಬೇಕು. ಎದುರಾಳಿ ಇಲ್ಲ, ಏಟಿಲ್ಲ, ಚಪ್ಪಾಳೆ ಇಲ್ಲ. ಇದನ್ನೇ ದಿನವೂ ಮಾಡಬೇಕು. ತಿರುಗುವುದು, ಹೆಜ್ಜೆ ಹಾಕುವುದು, ಒದೆಯುವುದು ಎರಡನೆಯ ಪಾಠದಲ್ಲಿ ಬರುತ್ತದೆ. ಬಣ್ಣ ಬಣ್ಣದ ಬೆಲ್ಟುಗಳು ಇಪ್ ಮ್ಯಾನ್ ಅವರ ಶಾಲೆಯಲ್ಲಿ ಇರಲೇ ಇಲ್ಲ. ಒಂದು ಗಳಿಗೆ ಸುಮ್ಮನೆ ಕೂರದವನು ಎಂದು ಹೆಸರಾದ ಹುಡುಗ ಇಂಥ ಪಾಠಕ್ಕೆ ಒಗ್ಗಿಕೊಂಡದ್ದೇ ಅವನ ಮೊದಲ ಗೆಲುವು ಎನ್ನಬೇಕು.

ಇನ್ನೊಂದು ಅಭ್ಯಾಸಕ್ಕೆ 'ಚಿ ಸಾವ್' ಎಂದು ಹೆಸರು; ಅಂಟಿಕೊಂಡ ಕೈಗಳು ಎಂದರ್ಥ. ಇಬ್ಬರು ಎದುರುಬದುರು ನಿಂತು ಮುಂಗೈಗಳನ್ನು ಒಬ್ಬರಿಗೊಬ್ಬರು ತಾಗಿಸಿಕೊಂಡು ಸುತ್ತಿಸುತ್ತ ಇರುತ್ತಾರೆ. ಒಬ್ಬನ ಕೈಯ ಒತ್ತಡ ಚೂರು ಸಡಿಲಿದರೂ ಇನ್ನೊಬ್ಬನ ಕೈ ಆ ಸಂದಿನಲ್ಲಿ ನುಗ್ಗುತ್ತದೆ. ಇದರಲ್ಲೊಂದು ವಿಜ್ಞಾನವಿದೆ. ಕಣ್ಣು ಕಂಡದ್ದಕ್ಕೆ ಪ್ರತಿಕ್ರಿಯಿಸುವುದಕ್ಕಿಂತ ಚರ್ಮ ಮುಟ್ಟಿದ್ದಕ್ಕೆ ನಮ್ಮ ದೇಹ ತುಸು ಬೇಗ ಪ್ರತಿಕ್ರಿಯಿಸುತ್ತದೆ. ಆ ತುಸು ಕಾಲವನ್ನೇ ಚಿ ಸಾವ್ ಬಂಡವಾಳ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಮಾಡಿದ ಮೇಲೆ ಯೋಚಿಸುವ ಮೊದಲೇ ಕೈ ಉತ್ತರ ಕೊಡುತ್ತದೆ. ಸೈಕಲ್ ಕಲಿತವನು ಆಯ ತಪ್ಪಿದಾಗ ಹ್ಯಾಂಡಲನ್ನು ಯಾವ ಕಡೆ ತಿರುಗಿಸಲಿ ಎಂದು ಲೆಕ್ಕ ಹಾಕುತ್ತಾನೆಯೇ? ಇದೂ ಹಾಗೆಯೇ.

ಸುಮಾರು ನಾಲ್ಕು ವರ್ಷ ಕಲಿತ ಮೇಲೆ ಹುಡುಗನಿಗೆ ಒಂದು ಗೋಡೆ ಅಡ್ಡ ಬಂತು. ಕೈಕಾಲು ಮಾತು ಕೇಳುತ್ತಿದ್ದವು, ಮನಸ್ಸು ಕೇಳುತ್ತಿರಲಿಲ್ಲ. ಎದುರಾಳಿಯ ಕೈ ತಾಗಿದೊಡನೆ ಗೆಲ್ಲಬೇಕೆಂಬ ಆತುರ, ಆತುರದಿಂದ ಬಿಗಿತ, ಬಿಗಿತದಿಂದ ಸೋಲು. ಸಡಿಲಾಗು ಎಂದು ಗುರುಗಳು ಹೇಳಿದರೆ, ಸಡಿಲಾಗಲು ಹೆಣಗಾಡಿ ಇನ್ನಷ್ಟು ಬಿಗಿಯಾಗುತ್ತಿದ್ದ. ಪರೀಕ್ಷೆಯ ಕೋಣೆಯಲ್ಲಿ, ಬಾಯಿಪಾಠ ಬರುತ್ತಿದ್ದ ಉತ್ತರವೂ ಮರೆತುಹೋಗುವ ಮಕ್ಕಳಿಗೆ ಈ ಸಂಕಟ ಹೊಸದಲ್ಲ. ಆಗ ಇಪ್ ಮ್ಯಾನ್ ಕೊಟ್ಟ ಮದ್ದು ವಿಚಿತ್ರವಾಗಿತ್ತು. ಈ ವಾರ ಅಭ್ಯಾಸ ಬೇಡ, ಮನೆಗೆ ಹೋಗಿ ಯೋಚನೆ ಮಾಡು ಎಂದರು.

ಹುಡುಗ ಮನೆಯಲ್ಲಿದ್ದ. ತಲೆ ಕೆಡಿಸಿಕೊಂಡ. ಒಂದು ದಿನ ಒಬ್ಬನೇ ದೋಣಿಯಲ್ಲಿ ಸಮುದ್ರಕ್ಕೆ ಹೋದ. ತನ್ನ ಮೇಲೆ ತನಗೇ ಸಿಟ್ಟು ಬಂದು ನೀರಿಗೆ ಒಂದು ಗುದ್ದು ಗುದ್ದಿದ. ನೀರಿಗೆ ನೋವಾಗಲಿಲ್ಲ. ಹಿಡಿಯಲು ಹೋದ, ಬೆರಳ ಸಂದಿಯಿಂದ ಜಾರಿಹೋಯಿತು. ಇಷ್ಟು ಮೆತ್ತಗಿರುವ ನೀರೇ ಗಟ್ಟಿ ಬಂಡೆಯನ್ನು ಕೊರೆಯುತ್ತದಲ್ಲ ಎಂಬ ಯೋಚನೆ ಬಂದಾಗ, ಗುರುಗಳು ನಾಲ್ಕು ವರ್ಷದಿಂದ ಹೇಳುತ್ತಿದ್ದ ಮಾತು ಅವನಿಗೆ ಮೊದಲ ಸಲ ಅರ್ಥವಾಯಿತು. ಇದನ್ನು ಆತ ಮುಂದೆ ಕಾಲೇಜಿನಲ್ಲಿದ್ದಾಗ ಒಂದು ಪ್ರಬಂಧದಲ್ಲಿ ಬರೆದಿಟ್ಟಿದ್ದಾನೆ. ಇಲ್ಲಿ ಗಮನಿಸಬೇಕಾದದ್ದು ನೀರನ್ನಷ್ಟೇ ಅಲ್ಲ, ಗುರುಗಳನ್ನೂ. ಎಲ್ಲಿ ಹೆಚ್ಚು ಹೇಳಬೇಕು ಎಂಬುದು ಎಲ್ಲ ಮೇಷ್ಟರಿಗೂ ಗೊತ್ತು. ಎಲ್ಲಿ ಹೇಳುವುದನ್ನು ನಿಲ್ಲಿಸಬೇಕು ಎಂಬುದು ಕೆಲವರಿಗೆ ಮಾತ್ರ ಗೊತ್ತು.

ಹಾಗೆಂದು ಒಂದೇ ದಿನದಲ್ಲಿ ಹುಡುಗ ಸಾಧುವಾಗಿಬಿಡಲಿಲ್ಲ. 1958ರಲ್ಲಿ ಅಂತರ ಶಾಲಾ ಬಾಕ್ಸಿಂಗ್ ಪಂದ್ಯದಲ್ಲಿ ಗೆದ್ದ. ಅದೇ ವರ್ಷ 'ಚಾ ಚಾ' ಎಂಬ ನೃತ್ಯದ ಸ್ಪರ್ಧೆಯಲ್ಲೂ ಹಾಂಗ್‌ಕಾಂಗಿಗೇ ಮೊದಲಿಗನಾದ. ಹೆಜ್ಜೆಗಳ ಪಟ್ಟಿಯನ್ನು ಬರೆದಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದನಂತೆ. ಆದರೆ ಬೀದಿ ಜಗಳ ನಿಲ್ಲಲಿಲ್ಲ. ಪೊಲೀಸರ ದೂರು ಮನೆ ಬಾಗಿಲಿಗೆ ಬಂತು. ಎದೆಯೆತ್ತರ ಬೆಳೆದ ಮಗ ಕೈತಪ್ಪಿ ಹೋಗುತ್ತಿದ್ದಾನೆ ಎಂದು ಗೊತ್ತಾದಾಗ ಹೆತ್ತವರಿಗೆ ಆಗುವ ಸಂಕಟ ಎಲ್ಲ ದೇಶದಲ್ಲೂ ಒಂದೇ. ಅವರು ಕಠಿಣ ನಿರ್ಧಾರ ಮಾಡಿದರು. 1959ರ ಏಪ್ರಿಲ್ ಕೊನೆಯಲ್ಲಿ, ಹದಿನೆಂಟು ವರ್ಷದ ಮಗನ ಜೇಬಿಗೆ ಸುಮಾರು ನೂರು ಡಾಲರ್ ಹಾಕಿ, ಅಮೆರಿಕದ ಹಡಗು ಹತ್ತಿಸಿದರು. ವಿಂಗ್ ಚುನ್ ವಿದ್ಯೆ ಪೂರ್ತಿಯಾಗಿರಲಿಲ್ಲ. ಅರ್ಧ ಕಲಿತ ಪಾಠದೊಂದಿಗೇ ಆತ ಹೊರಟ.

ಅಲ್ಲಿ ಬದುಕು ಸಿನಿಮಾದಂತಿರಲಿಲ್ಲ. ಸಿಯಾಟಲ್ ನಗರದಲ್ಲಿ, ತಂದೆಯ ಪರಿಚಯದ ರೂಬಿ ಚೌ ಎಂಬಾಕೆಯ ಹೋಟೆಲಿನ ಮೇಲಿನ ಕೋಣೆಯಲ್ಲಿ ವಾಸ, ಕೆಳಗೆ ಊಟ ಬಡಿಸುವ ಕೆಲಸ. ಹಾಂಗ್‌ಕಾಂಗಿನಲ್ಲಿ ಪುಸ್ತಕ ಕಂಡರೆ ಓಡುತ್ತಿದ್ದವನು ಇಲ್ಲಿ ಪ್ಲೇಟು ಎತ್ತುತ್ತ ಪ್ರೌಢಶಿಕ್ಷಣ ಮುಗಿಸಿದ. 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ ನಾಟಕದ ಜೊತೆಗೆ ತತ್ವಶಾಸ್ತ್ರ, ಮನಃಶಾಸ್ತ್ರ ಓದಿದ. ಬಿಡುವಿನಲ್ಲಿ ಕುಂಗ್ ಫೂ ಹೇಳಿಕೊಡಲು ತೊಡಗಿದ. ಅವನ ಮೊದಲ ಶಿಷ್ಯ ಜೆಸ್ಸಿ ಗ್ಲೋವರ್ ಕಪ್ಪು ಜನಾಂಗದವನು. ಚೀನೀಯರಲ್ಲದವರಿಗೆ ಈ ವಿದ್ಯೆ ಹೇಳಿಕೊಡಲು ಬಹಳ ಗುರುಗಳು ಹಿಂದೇಟು ಹಾಕುತ್ತಿದ್ದ ಕಾಲವದು. ಕಲಿಯಬೇಕೆಂದು ಬಂದವನ ಜಾತಿ, ಬಣ್ಣ ಯಾವುದೆಂದು ಬ್ರೂಸ್ ಕೇಳಲಿಲ್ಲ. 1963ರ ಬೇಸಗೆಯಲ್ಲಿ ಹಾಂಗ್‌ಕಾಂಗಿಗೆ ಹೋಗಿ ಹೆತ್ತವರನ್ನೂ ಗುರುಗಳನ್ನೂ ಕಂಡು ಬಂದ. ಗಲಾಟೆ ಹುಡುಗನಾಗಿ ಮನೆ ಬಿಟ್ಟವನು ಓದುವವನಾಗಿ, ಓದಿಸುವವನಾಗಿ ಮರಳಿದ್ದನ್ನು ತಂದೆ ಕಣ್ಣಾರೆ ಕಂಡರು. ಮತ್ತೆ ಎರಡು ವರ್ಷಕ್ಕೆ, 1965ರ ಫೆಬ್ರುವರಿಯಲ್ಲಿ, ಮೊಮ್ಮಗ ಹುಟ್ಟಿದ ಒಂದು ವಾರಕ್ಕೆ ಅವರು ತೀರಿಕೊಂಡರು.

1964ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಎಂಬಲ್ಲಿ ಕರಾಟೆ ಪಂದ್ಯಾವಳಿ ನಡೆಯಿತು. ಅಲ್ಲಿ ಬ್ರೂಸ್ ತನ್ನ ಪ್ರಖ್ಯಾತ 'ಒಂದಂಗುಲದ ಗುದ್ದ'ನ್ನು ತೋರಿಸಿದ. ಎದುರಿಗಿದ್ದವನ ಎದೆಯಿಂದ ಸುಮಾರು ಒಂದು ಅಂಗುಲ, ಎಂದರೆ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಮುಷ್ಟಿ ಹಿಡಿದು, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ ಅಲ್ಲಿಂದಲೇ ಗುದ್ದಿದ. ಆ ಮನುಷ್ಯ ಹಿಂದಕ್ಕೆ ತೂರಿಹೋಗಿ ಅಲ್ಲಿಟ್ಟಿದ್ದ ಕುರ್ಚಿಯ ಮೇಲೆ ಬಿದ್ದ. ನೋಡಿದವರು ಇದೇನು ಮಾಯೆ ಎಂದರು. ಮಾಯೆಯೂ ಅಲ್ಲ, ಮಂತ್ರವೂ ಅಲ್ಲ. ಅರವತ್ತು ಕಿಲೋ ಚಿಲ್ಲರೆ ತೂಗುತ್ತಿದ್ದ ಸಣ್ಣ ಮೈಕಟ್ಟಿನವನಿಗೆ ಆ ಬಲ ಬಂದದ್ದು ತೋಳಿನಿಂದಲ್ಲ. ಪಾದ ನೆಲವನ್ನು ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೆಲ ಅಷ್ಟೇ ಬಲದಿಂದ ಪಾದವನ್ನು ಒತ್ತುತ್ತದೆ. ಆ ಬಲ ಮಂಡಿ, ಸೊಂಟ, ಭುಜ, ಮೊಣಕೈ, ಮಣಿಕಟ್ಟು ಹೀಗೆ ಒಂದರ ಹಿಂದೊಂದು ಮೇಲೇರಿ ಮುಷ್ಟಿಗೆ ಬರುತ್ತದೆ. ಒಂದು ಕೀಲು ಕ್ಷಣದ ಒಂದಂಶ ಮೊದಲು ಅಥವಾ ತಡವಾಗಿ ತಿರುಗಿದರೂ ಬಲ ನಡುದಾರಿಯಲ್ಲೇ ಸೋರಿಹೋಗುತ್ತದೆ. ಆದ್ದರಿಂದ ಅಲ್ಲಿ ಕೆಲಸ ಮಾಡಿದ್ದು ಸ್ನಾಯುವಿಗಿಂತ ಹೆಚ್ಚಾಗಿ ಹೊಂದಾಣಿಕೆ.

ಇದಕ್ಕೆ ಹೊಂದುವ ಒಂದು ಸಂಶೋಧನೆ 2012ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ 12 ಜನ, ವ್ಯಾಯಾಮ ಮಾಡುವವರಾದರೂ ಇಂಥ ವಿದ್ಯೆ ಕಲಿಯದ 12 ಜನ, ಇವರೆಲ್ಲ 5 ಸೆಂಟಿಮೀಟರ್ ದೂರದಿಂದ ಗುದ್ದಿದರು. ಕರಾಟೆಯವರ ಗುದ್ದು ಜೋರಾಗಿತ್ತು. ಅದರ ಜೋರಿಗೆ ಭುಜ ಮತ್ತು ಮಣಿಕಟ್ಟಿನ ಚಲನೆಗಳ ಕಾಲದ ಹೊಂದಾಣಿಕೆಯೊಂದಿಗೆ ನಂಟಿತ್ತು. ಅವರ ಮೆದುಳಿನ ಚಿತ್ರಗಳಲ್ಲಿ, ಅದರಲ್ಲೂ ಚಲನೆಯನ್ನು ಹದಗೊಳಿಸುವ ಅನುಮಸ್ತಿಷ್ಕದಲ್ಲಿ, ನರತಂತುಗಳ ರಚನೆಯಲ್ಲಿ ವ್ಯತ್ಯಾಸ ಕಂಡಿತು. ಎಷ್ಟು ಚಿಕ್ಕ ವಯಸ್ಸಿನಲ್ಲಿ ಕಲಿಯಲು ತೊಡಗಿದ್ದರು ಎಂಬುದಕ್ಕೂ ಅದಕ್ಕೂ ಸಂಬಂಧವಿತ್ತು. ಇದು ಕರಾಟೆಯವರ ಮೇಲೆ ನಡೆದ ಸಣ್ಣ ಪ್ರಯೋಗ. ಅಭ್ಯಾಸದಿಂದಲೇ ಮೆದುಳು ಹಾಗಾಯಿತು ಎಂದು ಇದೊಂದರಿಂದಲೇ ಸಾಧಿಸಲಾಗದು. ಆದರೂ ಗುದ್ದಿನ ಬಲ ಬರೀ ತೋಳಿನಲ್ಲಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಲಾಂಗ್ ಬೀಚಿನಲ್ಲಿ ಜನ ಕಂಡದ್ದು ಒಂದು ಅಂಗುಲವನ್ನು. ಅದರ ಹಿಂದೆ, ಹೆಜ್ಜೆ ಕದಲಿಸದೆ ನಿಂತು ಕೈಯಾಡಿಸಿದ ಹತ್ತು ವರ್ಷಗಳಿದ್ದವು.

ಚಪ್ಪಾಳೆ ಬಿದ್ದ ಮೇಲೆ ಬಹಳ ಜನರ ಕಲಿಕೆ ನಿಂತುಹೋಗುತ್ತದೆ. ಬ್ರೂಸ್‌ನದು ನಿಲ್ಲದಿರಲು ಅದೇ ವರ್ಷದ ಕೊನೆಯಲ್ಲಿ ನಡೆದ ಒಂದು ಕಾಳಗ ಕಾರಣ. ಓಕ್‌ಲ್ಯಾಂಡ್ ನಗರದ ಅವನ ಶಾಲೆಯಲ್ಲಿ ವಾಂಗ್ ಜ್ಯಾಕ್ ಮ್ಯಾನ್ ಎಂಬ ಇನ್ನೊಬ್ಬ ಕುಂಗ್ ಫೂ ಪಟುವಿನೊಡನೆ ಬಾಗಿಲು ಹಾಕಿಕೊಂಡು ಸೆಣಸಾಟವಾಯಿತು. ಅದು ಏಕೆ ನಡೆಯಿತು, ಎಷ್ಟು ಹೊತ್ತು ನಡೆಯಿತು ಎಂಬುದರಲ್ಲಿ ಅಲ್ಲಿದ್ದವರಲ್ಲೇ ಒಮ್ಮತವಿಲ್ಲ. ಮೂರು ನಿಮಿಷದಲ್ಲಿ ಬ್ರೂಸ್ ಗೆದ್ದ ಎಂದು ಪತ್ನಿ ಲಿಂಡಾ ಹೇಳಿದರೆ, ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ನಡೆಯಿತು ಎಂದು ಎದುರಾಳಿ ಹೇಳಿದ. ಆದರೆ ನಂತರ ಬ್ರೂಸ್ ಸಂತೋಷವಾಗಿರಲಿಲ್ಲ ಎಂಬುದು ನಿಜ. ತನಗೆ ಅಷ್ಟು ಬೇಗ ಏದುಸಿರು ಬಂದದ್ದು, ಓಡುವವನನ್ನು ಹಿಡಿಯಲು ತನ್ನ ವಿದ್ಯೆ ಸಾಲದೇ ಹೋದದ್ದು ಅವನನ್ನು ಕೊರೆಯಿತು. ಗೆದ್ದೆನಲ್ಲ ಎಂದು ಮೀಸೆ ತಿರುವುವ ಬದಲು ತಪ್ಪು ಹುಡುಕುತ್ತ ಕೂತ.

ಅಲ್ಲಿಂದ ಮುಂದೆ ಅವನ ಎರಡನೆಯ ವಿದ್ಯಾಭ್ಯಾಸ. ಓಟ, ಹಗ್ಗದಾಟ, ಭಾರ ಎತ್ತುವುದು ಸೇರಿದವು. ಮುಹಮ್ಮದ್ ಅಲಿಯ ಬಾಕ್ಸಿಂಗ್ ಚಿತ್ರಗಳನ್ನು ಮತ್ತೆ ಮತ್ತೆ ಹಾಕಿ ನೋಡಿದ. ಕತ್ತಿವರಸೆಯ ಪುಸ್ತಕಗಳನ್ನು ತರಿಸಿ ಅಡಿಗೆರೆ ಎಳೆದು ಓದಿದ. ಯಾವ ವಿದ್ಯೆಯಲ್ಲಿ ಹುರುಳಿದೆಯೋ ಅದನ್ನು ತೆಗೆದುಕೊಂಡು, ತನಗೆ ಹೊಂದದ್ದನ್ನು ಕೈಬಿಟ್ಟ. 1967ರಲ್ಲಿ ಇದಕ್ಕೆ 'ಜೀತ್ ಕುನೆ ದೊ', ಬರುವ ಏಟನ್ನು ನಡುವೆಯೇ ತಡೆಯುವ ದಾರಿ, ಎಂದು ಹೆಸರಿಟ್ಟ. ಇದನ್ನು ಕೇಳಿ, ಗುರುಗಳು ಕಲಿಸಿದ್ದು ಬೇಡವಾಯಿತೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಮಗ್ಗಿ ಬಾಯಿಪಾಠ ಮಾಡಿದವನೇ ಮುಂದೆ ಮಗ್ಗಿ ನೆನೆಯದೆ ಲೆಕ್ಕ ಮಾಡಬಲ್ಲ. ಮಗ್ಗಿಯೇ ಬಾರದವನು ಮಗ್ಗಿ ಬೇಡ ಎಂದರೆ ಅದು ಸೋಮಾರಿತನ. ಅವನ ಮಾತನ್ನು ಹಿಡಿದು ನಿಯಮಗಳೇ ಬೇಡ ಎನ್ನುವ ತರುಣರು ಈ ವ್ಯತ್ಯಾಸವನ್ನು ಗಮನಿಸಬೇಕು.

ಮೂರನೆಯ ಪಾಠವನ್ನು ಕಲಿಸಿದ್ದು ನೋವು. 1970ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಮೈಯನ್ನು ಸರಿಯಾಗಿ ಬಿಸಿ ಮಾಡಿಕೊಳ್ಳದೆಯೇ, ಸುಮಾರು 57 ಕಿಲೋ ಭಾರವನ್ನು ಹೆಗಲ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿದ. ಬೆನ್ನಿನ ಬುಡದ ನರಕ್ಕೆ ಪೆಟ್ಟಾಯಿತು. ಇನ್ನು ಮೊದಲಿನಂತೆ ಒದೆಯಲು ಸಾಧ್ಯವಿಲ್ಲ ಎಂದರು ವೈದ್ಯರು. ಹದಿನಾರು ವರ್ಷ ಮೈಮುರಿದು ದುಡಿದವನು ಒಂದೇ ಬೆಳಿಗ್ಗೆಯ ಆತುರಕ್ಕೆ ಹಾಸಿಗೆ ಹಿಡಿದ. ವ್ಯಾಯಾಮಕ್ಕೆ ಮುಂಚೆ ಮೈ ಸಡಿಲಿಸಿಕೊಳ್ಳಿ ಎಂದು ದೈಹಿಕ ಶಿಕ್ಷಣದ ಮೇಷ್ಟರು ಹೇಳಿದಾಗ ಮುಖ ಗಂಟಿಕ್ಕುವ ಮಕ್ಕಳು ಇದನ್ನು ನೆನಪಿಡಬೇಕು. ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಕೈಯಲ್ಲಿ ಹಣವಿಲ್ಲ. ಲಿಂಡಾ ಸಂಜೆಯ ಕೆಲಸಕ್ಕೆ ಹೋಗತೊಡಗಿದರು.

ಹಾಸಿಗೆಯಲ್ಲಿದ್ದ ಆ ತಿಂಗಳುಗಳಲ್ಲಿ ಆತ ಓದಿದ, ಬರೆದ. ಪುಟಗಟ್ಟಲೆ ಟಿಪ್ಪಣಿ ಮಾಡಿದ, ಚಿತ್ರ ಬಿಡಿಸಿದ. ಅವನ ಟಿಪ್ಪಣಿಗಳು ಸೇರಿ, ಅವನು ಸತ್ತ ಎರಡು ವರ್ಷಕ್ಕೆ, 1975ರಲ್ಲಿ ಪುಸ್ತಕವಾದವು. ತನ್ನದೇ ಒಂದು ಚೀಟಿಯ ಹಿಂದೆ 'ಮುಂದೆ ನಡೆ' ಎಂಬರ್ಥದ ಎರಡು ಪದ ಬರೆದು ಕಣ್ಣೆದುರಿಗೆ ಇಟ್ಟುಕೊಂಡಿದ್ದನಂತೆ. ಮೆಲ್ಲಮೆಲ್ಲನೆ ಎದ್ದು ನಿಂತ. 1971ರ ಆರಂಭದಲ್ಲಿ ಒಂದು ಚಿತ್ರಕ್ಕೆ ಜಾಗ ಹುಡುಕಲು ಗೆಳೆಯರೊಡನೆ ಭಾರತಕ್ಕೂ ಬಂದು ಹೋದ; ಆ ಚಿತ್ರ ಮಾತ್ರ ಆತನ ಕಾಲದಲ್ಲಿ ಆಗಲಿಲ್ಲ. ಅದೇ ಜುಲೈನಲ್ಲಿ ಥಾಯ್ಲೆಂಡಿನಲ್ಲಿ 'ದಿ ಬಿಗ್ ಬಾಸ್' ಚಿತ್ರೀಕರಣದಲ್ಲಿದ್ದ. ಜಗತ್ತು ಬೆರಗಾದ ಆ ಒದೆತಗಳೆಲ್ಲ ಇನ್ನು ಒದೆಯಲಾರ ಎನಿಸಿಕೊಂಡ ಮೇಲಿನವು. ಬೆನ್ನುನೋವು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಎರಡು ವರ್ಷದಲ್ಲಿ ಕೀರ್ತಿಯ ತುದಿಗೇರಿ, 'ಎಂಟರ್ ದಿ ಡ್ರ್ಯಾಗನ್' ತೆರೆ ಕಾಣುವ ಮುನ್ನವೇ, 1973ರ ಜುಲೈ 20ರಂದು ಮೆದುಳಿನ ಊತದಿಂದ ಹಾಂಗ್‌ಕಾಂಗಿನಲ್ಲಿ ತೀರಿಕೊಂಡ. ಪ್ಲೇಟು ಎತ್ತುತ್ತ ಓದಿದ ಸಿಯಾಟಲ್‌ನಲ್ಲೇ ಅವನ ಸಮಾಧಿ ಇದೆ.

ಇಂದು ಪುಟ್ಟ ಪಟ್ಟಣಗಳಲ್ಲೂ ಕರಾಟೆ, ಕುಂಗ್ ಫೂ ತರಗತಿಗಳಿವೆ. ಮಕ್ಕಳನ್ನು ಸೇರಿಸಿದ ಮೂರೇ ತಿಂಗಳಿಗೆ ಯಾವ ಬೆಲ್ಟ್ ಬಂತು ಎಂದು ಕೇಳುವ ಪೋಷಕರಿದ್ದಾರೆ. ಬೆಲ್ಟ್ ಬೇಡವೆಂದಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಬೇಸರ ಬರುವ ಪಾಠವನ್ನು ಮಗು ನಾಳೆಯೂ ಮಾಡುತ್ತದೆಯೇ? ಗೆದ್ದು ಬಂದ ದಿನ ತನ್ನ ತಪ್ಪನ್ನು ತಾನೇ ಹೇಳುತ್ತದೆಯೇ? ಬಿದ್ದಾಗ ಮತ್ತೆ ಮೊದಲ ಪಾಠದಿಂದ ಆರಂಭಿಸುವ ತಾಳ್ಮೆ ಬಂದಿದೆಯೇ? ಇವು ಬಂದಿದ್ದರೆ, ಆ ಮಗು ಕಲಿಯುತ್ತಿರುವುದು ಕುಂಗ್ ಫೂ ಆಗಿರಲಿ, ಗಣಿತವಾಗಿರಲಿ, ವೀಣೆಯಾಗಿರಲಿ, ಚಿಂತೆ ಬೇಡ. ಹುಡುಗರೂ ಅಷ್ಟೇ, ಬ್ರೂಸ್ ಲೀಯಂತೆ ಒದೆಯುವುದನ್ನು ಆಮೇಲೆ ಕಲಿಯಲಿ. ಅವನಂತೆ ಒಂದೇ ಕಡೆ ನಿಂತು ಕೈಯಾಡಿಸುವುದನ್ನು ಮೊದಲು ಕಲಿಯಲಿ.